ಕೋಳಿಯ ಗುಣ

ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ನಡಿಗೆಯನ್ನು ನೋಡುತ್ತಾನೆ, 'ಹಾಯುತ್ತದೆಯೇ?' ಎಂದು ಕೇಳದೆ ಮಾತ್ರ ಹಗ್ಗವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಎಮ್ಮೆಯ ಮಾತೂ ಹಾಗೆಯೇ. ಒದೆಯುವ ಎಮ್ಮೆ ಎಷ್ಟು ಹಾಲು ಕೊಟ್ಟರೇನು? ಕೋಳಿಯನ್ನು ಕೊಳ್ಳುವಾಗ ಮಾತ್ರ ಅದರ ಗುಣವನ್ನು ಯಾರೂ ವಿಚಾರಿಸುವುದಿಲ್ಲ. ತೂಕ ಎಷ್ಟು, ತತ್ತಿ ಎಷ್ಟು ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ.

ಈ ಕೊರತೆಯನ್ನು ನನಗೆ ತೋರಿಸಿಕೊಟ್ಟವಳು ಅಣ್ಣಿಗೇರಿಯ ಬಳಿಯ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕ. ಅವಳ ಹಿತ್ತಲಿನ ಹುಂಜವೊಂದು ಮೂರು ವರ್ಷದ ಮೊಮ್ಮಗನ ಮೇಲೆ ಹಾರಿತ್ತು. ಕಾಲಿನ ಮುಳ್ಳು ತಗುಲಿದ್ದು ಕಣ್ಣಿಗಿಂತ ಒಂದು ಬೆರಳಷ್ಟು ಕೆಳಗೆ. ಹುಂಜ ಮರುದಿನವೇ ಸಂತೆಯ ದಾರಿ ಹಿಡಿಯಿತು. ಆದರೆ ಕೋಳಿ ಸಾಕುವುದನ್ನೇ ಬಿಡುವಂತಿರಲಿಲ್ಲ. ಭಾವನವರು ತೀರಿಕೊಂಡ ಮೇಲೆ ಹೊಲದ ಹಣವೆಲ್ಲ ಮಗನ ಕೈಯಲ್ಲಿ. ಯಾರನ್ನೂ ಕೇಳದೆ ಅಕ್ಕ ಖರ್ಚು ಮಾಡಬಹುದಾದ ಹಣವೆಂದರೆ ತತ್ತಿಯ ಹಣವೊಂದೇ. "ತಮ್ಮಾ, ಎಷ್ಟು ತತ್ತಿ ಇಡತಾವ ಅಂತ ಎಲ್ಲಾರೂ ಹೇಳತಾರ, ಗುಣಾ ಎಂಥಾದ್ದು ಅಂತ ಯಾರೂ ಹೇಳವಲ್ಲರು. ನೀ ಓದಿದಾಂವ, ನೀನರ ಹೇಳು" ಎಂದಳು.

ಓದಿದವನೆಂಬ ಗೌರವವನ್ನು ಉಳಿಸಿಕೊಳ್ಳಲು ನಾನು ಮತ್ತಷ್ಟು ಓದಬೇಕಾಯಿತು. ಮನೆಯ ಕೋಳಿಗೆ ಮೂಲ ಕೆಂಪು ಕಾಡುಕೋಳಿ. ನಮ್ಮ ಕಲಘಟಗಿಯಾಚೆ ಘಟ್ಟದ ಕಾಡುಗಳಲ್ಲಿ ಕೂಗುವುದು ಅದರ ದಾಯಾದಿಯಾದ ಬೂದುಬಣ್ಣದ ಕಾಡುಕೋಳಿ. ಮನೆಕೋಳಿಯ ಹಳದಿ ಚರ್ಮ ಈ ದಾಯಾದಿಯಿಂದ ಬಂದ ಬಳುವಳಿಯೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಾಡಿನ ಹಕ್ಕಿಗೆ ಅಂಜಿಕೆಯೇ ಆಯುಷ್ಯ. ಆ ಅಂಜಿಕೆಯನ್ನು ಮನುಷ್ಯನು ತನಗೆ ಬೇಕಾದಂತೆ ತಿದ್ದಿದನು. ಕಾಳಗಕ್ಕೆಂದೇ ಆರಿಸಿ ಬೆಳೆಸಿದ್ದರಿಂದ ಅಸೀಲ್ ತಳಿಯ ಹುಂಜಗಳು ಒಂದನ್ನೊಂದು ಸಹಿಸವು. ಇಟಲಿ ಮೂಲದ ಬಿಳಿ ಲೆಗಾರ್ನ್ ವರ್ಷಕ್ಕೆ 300ರ ಸಮೀಪ ತತ್ತಿಯಿಡಬಲ್ಲದು. ಆದರೆ ಪಾತ್ರೆಯೊಂದು ಬಿದ್ದ ಸದ್ದಿಗೂ ಗೋಡೆಯೇರುವಷ್ಟು ಪುಕ್ಕಲು. ಅಮೆರಿಕೆಯ ರೋಡ್ ಐಲೆಂಡ್ ರೆಡ್ ಅಷ್ಟು ಗಾಬರಿಯದಲ್ಲ. ಕಾಳು ಹಾಕುವವರ ಕಾಲ ಬಳಿಯೇ ಸುಳಿದಾಡುತ್ತದೆ.

ಇನ್ನು ನಮ್ಮ ಜವಾರಿ ಕೋಳಿ. ಇದರ ಗುಣವನ್ನು ಒಂದೇ ಮಾತಿನಲ್ಲಿ ಹೇಳುವುದು ನ್ಯಾಯವಲ್ಲ. ವರ್ಷಕ್ಕೆ 60ರ ಆಸುಪಾಸು ತತ್ತಿಯಿಡುವ, ಕೈಗೆ ಸಿಕ್ಕದೆ ಬಣವೆಯ ಮೇಲೇರಿ ಕೂರುವ ಈ ಹೇಂಟೆಯನ್ನು ಸಾಧುವೆಂದು ಯಾರೂ ಕರೆಯಲಾರರು. ಆದರೆ ಕಾವು ಕೂತಾಗ ಅದನ್ನು ನೋಡಬೇಕು! ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ಕುಕ್ಕಿ, ನೀರು ಕುಡಿದು, ಮತ್ತೆ ಬಂದು ಕೂರುತ್ತದೆ. ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸಿ ಎಲ್ಲಕ್ಕೂ ಸಮನಾಗಿ ಶಾಖ ಕೊಡುತ್ತದೆ. ಮರಿಗಳು ಹೊರಬಂದ ಮೇಲಂತೂ ಗಿಡುಗನ ನೆರಳು ಅಂಗಳಕ್ಕೆ ಬಿದ್ದರೆ ಸಾಕು, ಒಂದು ಕೂಗಿಗೆ ಮರಿಗಳೆಲ್ಲ ರೆಕ್ಕೆಯ ಕೆಳಗೆ. ಬೆಕ್ಕು ಬಂದರೆ ಗರಿಗೆದರಿ ಮೈಯನ್ನು ಎರಡು ಪಟ್ಟು ಮಾಡಿಕೊಂಡು ಎದುರಿಗೇ ನುಗ್ಗುತ್ತದೆ. ಆಗ ಕೈ ನೀಡಿದವನಿಗೆ ಅದು ಕೆಟ್ಟ ಕೋಳಿ; ಮರಿಗಳನ್ನು ಕೇಳಿದರೆ ಉತ್ತರ ಬೇರೆ. ಒಳ್ಳೆಯ ಗುಣವೆನ್ನುವಾಗ ಯಾರ ಪಾಲಿಗೆ ಒಳ್ಳೆಯದೆಂಬುದನ್ನೂ ಕೇಳಬೇಕಾಗುತ್ತದೆ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ವಿಜ್ಞಾನಿಗಳು ಹಿತ್ತಲಿಗೆಂದೇ ರೂಪಿಸಿದ ತಳಿ ಗಿರಿರಾಜ. ಮೈತುಂಬಿದ ಕೋಳಿ, ಬಣ್ಣಬಣ್ಣದ ಗರಿ, ನಿಧಾನದ ನಡಿಗೆ. ವರ್ಷಕ್ಕೆ 130ರಿಂದ 150 ತತ್ತಿ. ಆದರೆ ಆ ಭಾರವೇ ಅದಕ್ಕೆ ಶತ್ರು. ನಾಯಿಯೋ ಕಾಡುಬೆಕ್ಕೋ ಬಂದರೆ ಜವಾರಿ ಕೋಳಿ ಮಾಳಿಗೆಯ ಮೇಲಿರುತ್ತದೆ, ಗಿರಿರಾಜ ನೆಲದ ಮೇಲೆಯೇ ಇರುತ್ತದೆ. ಆಮೇಲೆ ಬಂದ ಸ್ವರ್ಣಧಾರೆ ಗಿರಿರಾಜನಿಗಿಂತ ಮೈಯಲ್ಲಿ ಹಗುರ, ತತ್ತಿಯಲ್ಲಿ ಹೆಚ್ಚು. ತಪ್ಪಿಸಿಕೊಳ್ಳುವ ಚುರುಕೂ ಉಂಟು. ಇವು ಮಿಶ್ರತಳಿಗಳಾದ್ದರಿಂದ ಇವುಗಳ ತತ್ತಿಯಿಂದ ಮರಿ ಮಾಡಿಸಿದರೆ ತಾಯಿಯ ಗುಣಗಳು ಹಾಗೆಯೇ ಇಳಿದುಬರುವುದಿಲ್ಲ. ಯಾವ ತಳಿಯಾದರೂ ರಾಣಿಖೇತ್ ರೋಗದ ಲಸಿಕೆಯನ್ನು ಮರೆಯುವಂತಿಲ್ಲ. ಆ ರೋಗ ಹೊಕ್ಕ ಹಿತ್ತಲಿನಲ್ಲಿ ಸಾಧುವೂ ಉಳಿಯದು, ಜಗಳಗಂಟಿಯೂ ಉಳಿಯದು.

ಗುಣವೆಲ್ಲ ತಳಿಯಿಂದಲೇ ಬರುತ್ತದೆಂದೂ ಹೇಳಲಾಗದು. ನಾರ್ವೆ ದೇಶದ ಶೆಲ್ಡರಪ್ ಎಬ್ಬೆ ಎಂಬಾತನು ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬೆಳೆದವನು. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ಸುಮ್ಮನೆ ಸರಿದು ನಿಲ್ಲುತ್ತದೆ ಎಂಬುದಕ್ಕೆ ಹಿಂಡಿನಲ್ಲಿ ಖಚಿತವಾದ ಕ್ರಮವಿದೆಯೆಂದು ಆತ 1920ರ ದಶಕದ ಆರಂಭದಲ್ಲಿ ತಿಳಿಸಿದನು. ಹೊಸ ಕೋಳಿ ಬಂದಾಗಲೆಲ್ಲ ಆ ಕ್ರಮ ಕದಡಿ ಜಗಳ ಏಳುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಸೋತ ಕೋಳಿಗೆ ಓಡಲು ದಾರಿಯಿರದು. ಮರಿಗಳಾಗಿದ್ದಾಗಲೇ ಕೈಯಿಂದ ಕಾಳು ತಿಂದು ಬೆಳೆದವು ಮನುಷ್ಯನಿಗೆ ಅಷ್ಟಾಗಿ ಹೆದರುವುದಿಲ್ಲ. ಹುಂಜದ ಮಾತು ಬೇರೆ. ಮೆತ್ತಗಿನ ಮರಿಯೂ ಐದಾರು ತಿಂಗಳಿಗೆ ಪ್ರಾಯ ಬಂದೊಡನೆ ಹಿತ್ತಲು ತನ್ನದೆಂದು ತಿಳಿಯುವುದುಂಟು. ತಿನ್ನುವ ತತ್ತಿಗೆ ಹುಂಜ ಬೇಕಿಲ್ಲ. ಹೇಂಟೆ ಹುಂಜವಿಲ್ಲದೆಯೂ ತತ್ತಿಯಿಡುತ್ತದೆ. ಇದನ್ನು ಹೇಳಿದಾಗ ಅಕ್ಕ ನಕ್ಕು, "ಹಂಗಾದರ ಅದರ ಗದ್ದಲಾ ಇಷ್ಟು ದಿನಾ ಪುಗಸಟ್ಟೆ ಕೇಳಿದಂಗಾತು" ಎಂದಳು.

ಅವಳು ಹತ್ತು ಸ್ವರ್ಣಧಾರೆ ಮರಿಗಳನ್ನು ತರಿಸಿದಳು. ಅವುಗಳಲ್ಲಿ ನಾಲ್ಕು ಹುಂಜಗಳೆಂದು ತಿಳಿದ ಮೇಲೆ, ಅವು ಹಾರುವುದನ್ನು ಕಲಿಯುವ ಮೊದಲೇ ಮಾರಿದಳು. ಹಳೆಯ ಜವಾರಿ ಹೇಂಟೆಗಳೆರಡನ್ನು ನಾನು ಎಷ್ಟು ಹೇಳಿದರೂ ಕೊಡಲಿಲ್ಲ. ಅವುಗಳಲ್ಲಿ ಒಂದು ಈಗ ಪಡಸಾಲೆಯ ಮೂಲೆಯ ಬುಟ್ಟಿಯಲ್ಲಿ, ನೆರೆಮನೆಯಿಂದ ತಂದ 11 ತತ್ತಿಗಳ ಮೇಲೆ ಕಾವು ಕೂತಿದೆ. 21 ದಿನಗಳಲ್ಲಿ ಒಂಬತ್ತು ಕಳೆದಿವೆ. ಮೊಮ್ಮಗ ಅತ್ತ ಸುಳಿಯದಂತೆ ಅಕ್ಕ ಅಡ್ಡಲಾಗಿ ಒಂದು ಹಲಗೆಯನ್ನು ನಿಲ್ಲಿಸಿದ್ದಾಳೆ.