ಗೌಡನ ಬಂದೂಕು, ನಮ್ಮ ನಗು

'ಅಧ್ಯಕ್ಷ' ಸಿನಿಮಾ ನೋಡಿ ನಗಬೇಕೋ ಬ್ಯಾಡೋ ಅಂತ ನಮ್ಮಲ್ಲೇ ಎರಡು ಪಾರ್ಟಿ ಆಗ್ಯಾವ. ಬೆಳಗಾವಿಯ ಸಂಗಾತಿಗಳು 'ಮರ್ಯಾದೆ ಹತ್ಯೆಯನ್ನ ಕಾಮಿಡಿ ಮಾಡ್ಯಾರ' ಅಂತ ಬೈತಾರ. ಖಾನಾಪುರದ ಇಟ್ಟಂಗಿ ಭಟ್ಟಿಯಲ್ಲಿ ದುಡಿಯೋ ನಮ್ಮ ಹುಡುಗರಿಗೆ ಶರಣ್-ಚಿಕ್ಕಣ್ಣ ಜೋಡಿಯ ಡೈಲಾಗೆಲ್ಲಾ ಬಾಯಿಪಾಠ. ಗಾರೆ ಕೆಲಸದಿಂದ ಬಂದ ಚಿಕ್ಕಣ್ಣ 'ಉಪಾಧ್ಯಕ್ಷ'ದಲ್ಲಿ ಹೀರೋನೇ ಆದಾಗ ಅವರ ಖುಷಿ ನೋಡಬೇಕಿತ್ತು. ಆ ಖುಷಿಯನ್ನ ನಾನು ಯಾವ ಸಿದ್ಧಾಂತಕ್ಕೂ ಬಿಟ್ಟುಕೊಡೋದಿಲ್ಲ.

ಆದರೆ ಕಥೆ ನೋಡ್ರಿ. 2014ರ 'ಅಧ್ಯಕ್ಷ' ತಮಿಳಿನ ರಿಮೇಕ್. ಓಡಿಹೋದ ಮಗಳನ್ನ ಗೌಡ ಗುಂಡಿಟ್ಟು ಕೊಂದ ಅಂತ ಊರೇ ನಂಬತದ. ಕೊನೆಗೆ ನೋಡಿದ್ರ ಕೊಂದೇ ಇಲ್ಲ! ಕೊಂದ ಅನ್ನೋ ಸುದ್ದಿಯೇ ಅವನ ಮರ್ಯಾದೆ. ಮಗಳು ಬದುಕಿರೋದು ಅವಮಾನ, ಸತ್ತದ್ದು ಹೆಮ್ಮೆ. ಇಷ್ಟು ಖಡಕ್ಕಾಗಿ ನಮ್ಮ ಭಾಷಣಗಳೂ ಹೇಳಿಲ್ಲ. ಸಿನಿಮಾ ಮಾತ್ರ ಅಲ್ಲಿ ನಿಲ್ಲೋದಿಲ್ಲ, ನಗಿಸಿ ಮುಂದೆ ಹೋಗ್ತದ.

2023ರ ಡಿಸೆಂಬರ್ 11, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ. ಮಗ ಪ್ರೀತಿಸಿದ ಹುಡುಗಿ ಜೊತೆ ಹೋದ ಅಂತ ತಾಯಿಯನ್ನ ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಆಗ ಸುವರ್ಣಸೌಧದಲ್ಲಿ ಅಧಿವೇಶನ ನಡೆದಿತ್ತು. ಹೈಕೋರ್ಟ್ ತಾನಾಗೇ ಕೇಸು ಎತ್ತಿಕೊಂಡಿತು. ಒಂದೂವರೆ ತಿಂಗಳಿಗೆ, 2024ರ ಜನವರಿ 26ಕ್ಕೆ, 'ಉಪಾಧ್ಯಕ್ಷ' ಬಂತು. ಅದೇ ಗೌಡ, ಅವನ ಇನ್ನೊಬ್ಬ ಮಗಳ ಪ್ರೇಮಕಥೆ. ಗಣರಾಜ್ಯೋತ್ಸವದ ದಿನವೇ, ನೋಡ್ರಿ! ಥಿಯೇಟರ್ ತುಂಬಾ ನಗು. ನಾನೂ ನಕ್ಕೆ. ಹುಡುಗನ ಹೆತ್ತವ್ವ ಊರಲ್ಲಿ ಏನು ಅನುಭವಿಸ್ತಾಳ ಅಂತ ಇಂಥ ಕಾಮಿಡಿ ಕೇಳೋದಿಲ್ಲ.

ಖಾನಾಪುರದ ಹುಡುಗರ ಜೊತೆ ಕೂತು ಎರಡೂ ಸಿನಿಮಾ ಮತ್ತೆ ನೋಡೋಣ ಅಂತ ಮಾಡೀವಿ. ಬೈಯೋರೂ ಬರ್ರಿ. ಪೂರ್ತಿ ನೋಡಿ ಬೈರಿ.