ರೂಟರ್ ಬಿಡಿ, ಡ್ರೈವರ್ ನೋಡಿ

ವೈಫೈ ನಿಧಾನ ಅಂದ ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡ್ತೀವಿ, ಇಲ್ಲಾ ದುಬಾರಿ ಪ್ಲಾನ್ ಹಾಕಿಸ್ತೀವಿ. ಆದರೆ ಪಕ್ಕದಲ್ಲೇ ಇರೋ ಫೋನ್ ಚುರುಕಾಗಿದ್ದು ಲ್ಯಾಪ್‌ಟಾಪ್ ಮಾತ್ರ ತೆವಳ್ತಿದ್ರೆ ನನಗೆ ಮೊದಲು ಅನುಮಾನ ಬರೋದು ಡ್ರೈವರ್ ಮೇಲೆ. ವಿಂಡೋಸ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 866 ಎಂಬಿಪಿಎಸ್ ಕೊಡಬಲ್ಲ ಅಡಾಪ್ಟರ್ 72ಕ್ಕೆ ನಿಂತಿದೆಯಾ? 2.4 ಗಿಗಾಹರ್ಟ್ಸ್‌ಗೆ ಕನೆಕ್ಟ್ ಆಗಿದ್ರೆ 5ಕ್ಕೆ ಬದಲಾಯಿಸಿ. ಆಗಲೂ ಏರದಿದ್ರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದ್ರೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಆ ಬಟನ್ ಮಂಕಾಗಿದ್ರೆ ಹಳೇ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ನಿಮ್ಮ ಮಾಡೆಲ್‌ಗೆ ಹೊಂದುವ ಡ್ರೈವರ್ ಇಳಿಸಿಕೊಳ್ಳಿ. ದಯವಿಟ್ಟು ಕಂಡಕಂಡ 'ಡ್ರೈವರ್ ಅಪ್‌ಡೇಟರ್' ಆ್ಯಪ್‌ಗಳನ್ನು ಹಾಕಬೇಡಿ.