ನನ್ನ ಜಪಾನೀ ವ್ಯಾಸಂಗ

ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನವನ್ನು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಇಲ್ಲಿಂದ ವೈದ್ಯರು, ಇಂಜಿನಿಯರುಗಳು, ಅಧಿಕಾರಿಗಳು ಅನೇಕರು ಹೊರಬಂದಿದ್ದಾರೆ. ಅವರ ನಡುವೆ ಜಪಾನೀ ಭಾಷೆಯ ಅಧ್ಯಾಪಕನೊಬ್ಬನಿಗೆ ಹೇಳಲು ಏನಿದ್ದೀತು ಎಂಬ ಸಂಕೋಚ ಮೊದಲು ಕಾಡಿತು. ಆದರೆ ಶ್ರೀಮಠದ ಪ್ರಸಾದನಿಲಯದಲ್ಲಿ ಐದು ವರ್ಷ ಉಂಡು, ಕನ್ನಡ ಮಾಧ್ಯಮದಲ್ಲಿಯೇ ಓದಿದ ಹುಡುಗನೊಬ್ಬ ಅಷ್ಟು ದೂರದ ಭಾಷೆಯನ್ನು ಯಾವ ಊರುಗೋಲು ಹಿಡಿದು ಕಲಿತನೆಂಬುದು ಇಲ್ಲಿನ ಉಪಾಧ್ಯಾಯರಿಗೂ, ವಿದ್ಯಾರ್ಥಿವೇತನಕ್ಕೆ ಧನಸಹಾಯವಿತ್ತ ಮಹನೀಯರಿಗೂ ತಿಳಿದಿರಲೆಂದು ಬರೆಯಲು ಕುಳಿತಿದ್ದೇನೆ.

ನನ್ನ ಊರು ಶೃಂಗೇರಿ ತಾಲ್ಲೂಕಿನ ಬೇಗಾರ್. ಮನೆಗೆ ಆಧಾರವಾಗಿದ್ದುದು ಚಿಕ್ಕದೊಂದು ಅಡಿಕೆ ತೋಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿರುವುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಸೋಗೆ ಹಳದಿಗಟ್ಟುವುದು, ಎಳೆಗಾಯಿ ಉದುರುವುದು, ವರ್ಷದಿಂದ ವರ್ಷಕ್ಕೆ ಗೊನೆ ಕಿರಿದಾಗುವುದು, ಇವುಗಳನ್ನು ನೋಡುತ್ತಲೇ ನಾನು ಬೆಳೆದೆ. ಹಿರಿಯ ಮಗನು ಬೇಗ ಸಂಪಾದನೆಗೆ ನಿಲ್ಲಬೇಕೆಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ, ಎಲ್ಲರಿಗೂ ತಿಳಿದಿದ್ದ ಮಾತು.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಆರಂಭವಾದ ಮೇಲೆ ನಮ್ಮ ಕಡೆಯ ಕೆಲವು ಹುಡುಗರು ಅಲ್ಲಿ ಕೆಲಸಕ್ಕೆ ಸೇರಿದ್ದರು. ಅವರಲ್ಲಿ ನನ್ನ ಸೋದರಮಾವನ ಮಗನೂ ಒಬ್ಬ. ಜಪಾನೀ ಬಲ್ಲ ಭಾರತೀಯರಿಗೆ ಅಲ್ಲಿರುವ ಮನ್ನಣೆಯನ್ನು ಅವನು ಬಣ್ಣಿಸಿದಾಗಲೇ ಆ ಭಾಷೆಯ ಹೆಸರು ನನ್ನ ಕಿವಿಗೆ ಬಿದ್ದುದು. ಪಿ.ಯು.ಸಿ. ಮುಗಿದ ಮೇಲೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕುಳಿತೆ. ಅಲ್ಲಿ ಜಪಾನೀ ಭಾಷೆಯಲ್ಲಿ ಬಿ.ಎ. ಆನರ್ಸ್, ಅದರ ಮೇಲೆ ಎಂ.ಎ. ಉಂಟು. ಅಕ್ಷರವೊಂದೂ ಬಾರದವರನ್ನು ಸೇರಿಸಿಕೊಂಡು ಮೊದಲಿನಿಂದ ಕಲಿಸುತ್ತಾರೆ. ಶುಲ್ಕ ಅಲ್ಪ. ರೈಲು ಖರ್ಚು, ಊಟದ ಖರ್ಚಿಗೆ ಶಾಲೆಯ ದಾನಿಗಳೊಬ್ಬರು ನೆರವಾದರು. ತಮ್ಮ ಹೆಸರನ್ನು ಬರೆಯಕೂಡದೆಂದು ಅವರು ಅಂದೇ ತಾಕೀತು ಮಾಡಿದ್ದಾರೆ.

ಅಧ್ಯಾಪಕನಾಗುವ ಆಸೆ ಆಗಲೇ ಇತ್ತು. ಅದನ್ನು ಹೇಳಿದಾಗ ಅಪ್ಪಯ್ಯ ಗಂಭೀರವಾಗಿ, "ಅಲ್ಲ ಮಾರಾಯ, ಜಪಾನಿನವರ ಭಾಷೆ ಕಲಿಸೋಕೆ ಬೇಗಾರಿನಿಂದ ಜನ ಹೋಗಬೇಕಾ?" ಎಂದು ಕೇಳಿದರು. ಬೆಂಗಳೂರಿನ ಹಿತೈಷಿಯೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲು ಇಂಗ್ಲಿಷನ್ನು ನೆಟ್ಟಗೆ ಕಲಿ, ಆಮೇಲೆ ಮಿಕ್ಕ ಪರಭಾಷೆಗಳ ಮಾತು ಎಂದರು. ಇಂಗ್ಲಿಷಿನ ಬಾಗಿಲಿನಿಂದಲೇ ಲೋಕದ ಎಲ್ಲ ಕೋಣೆಗಳಿಗೂ ಹೋಗಬೇಕೆಂಬ ಈ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನ್ನ ಮಟ್ಟಿಗೆ ಅದು ಸುಳ್ಳಾಯಿತು.

ತರಗತಿಯಲ್ಲಿ ಮೊದಲ ವಾರ ಕಲಿಸಿದ್ದು ಅವರ ಅಕ್ಷರಮಾಲೆ. ಅ, ಇ, ಉ, ಎ, ಒ ಎಂಬ ಸ್ವರಗಳು. ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ಇದು ಎಲ್ಲಿಯೋ ಕೇಳಿದ ಹಾಡಿನಂತಿದೆಯಲ್ಲ ಎನಿಸಿತು. ಅವರ ಹಕಾರ ಪೂರ್ವಕಾಲದಲ್ಲಿ ಪಕಾರವಾಗಿತ್ತೆಂದು ತಿಳಿದರೆ ಸಾಕು, ನಮ್ಮ ವರ್ಗೀಯ ಅವರ್ಗೀಯ ವ್ಯಂಜನಗಳ ಕ್ರಮ ಕಣ್ಣಿಗೆ ಕಟ್ಟುತ್ತದೆ. ಇದು ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳು ಮಂತ್ರಗಳ ಶುದ್ಧೋಚ್ಚಾರಣೆಗಾಗಿ ಸಿದ್ಧಂ ಲಿಪಿಯನ್ನು ಕಲಿತುದರ ಫಲವಾಗಿ, ಸುಮಾರು ಸಾವಿರ ವರ್ಷಗಳ ಹಿಂದೆ ಜಪಾನೀಯರು ತಮ್ಮ ಅಕ್ಷರಗಳನ್ನು ಈ ಕ್ರಮದಲ್ಲಿ ಜೋಡಿಸಿಕೊಂಡರು. ಬೋಧಿಸೇನನೆಂಬ ಭಾರತೀಯ ಭಿಕ್ಷು 736ರಲ್ಲಿ ಆ ದೇಶವನ್ನು ತಲಪಿ, 752ರಲ್ಲಿ ನಾರಾ ನಗರದ ಮಹಾಬುದ್ಧ ಮೂರ್ತಿಗೆ ನೇತ್ರೋನ್ಮೀಲನ ಮಾಡಿದ ಸಂಗತಿಯನ್ನೂ ಅಲ್ಲಿಯೇ ಓದಿದೆ.

ಆದರೆ ನನಗೆ ನಿಜವಾಗಿ ಕೈಕೊಟ್ಟು ದಾಟಿಸಿದ್ದು ನಮ್ಮ ಶಾಲೆಯ ಕನ್ನಡ ಪಂಡಿತರು ಕಲಿಸಿದ ಛಂದಸ್ಸು. ಭಾಮಿನೀ ಷಟ್ಪದಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಹಾಕಿಸಿ, ಮೂರು ನಾಲ್ಕರ ಗಣಗಳಾಗಿ ಅವರು ಒಡೆಸುತ್ತಿದ್ದುದು ಅನೇಕ ಸಹಪಾಠಿಗಳಿಗೆ ನೆನಪಿರಬಹುದು. ಪರೀಕ್ಷೆಯ ಕೆಲವು ಅಂಕಗಳಿಗಾಗಿ ಈ ಶಿಕ್ಷೆಯೇಕೆ ಎಂದು ನಾವು ಗೊಣಗುತ್ತಿದ್ದುದೂ ನೆನಪಿರಬಹುದು. ಜಪಾನೀ ಉಚ್ಚಾರಣೆಯ ಜೀವ ಇರುವುದು ಈ ಮಾತ್ರೆಯಲ್ಲಿಯೇ. ಒಬಸನ್ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ನಾಲ್ಕು ಮಾತ್ರೆ. ಒಬಾಸನ್ ಎಂದರೆ ಅಜ್ಜಿ, ಐದು ಮಾತ್ರೆ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ನಿಪ್ಪೊನ್ ಎಂಬ ದೇಶನಾಮವನ್ನು ಜಪಾನೀಯರು ನಾಲ್ಕು ಎಣಿಕೆಯಾಗಿ ಉಚ್ಚರಿಸುತ್ತಾರೆ. ನಮ್ಮ ಪ್ರಸ್ತಾರದಂತೆ ನೋಡಿದರೂ ಒತ್ತಕ್ಷರದ ಹಿಂದಿನ ನಿ ಗುರು, ವ್ಯಂಜನದಿಂದ ಕೊನೆಗೊಂಡ ಪೊನ್ ಗುರು, ಒಟ್ಟು ನಾಲ್ಕು! ತೋಕ್ಯೋ ಎಂಬುದೂ ಹಾಗೆಯೇ. ಇಂಗ್ಲಿಷಿನವರು ಇದನ್ನು ಟೋಕಿಯೋ ಎಂದು ಮೂರು ಅಕ್ಷರಗಳಾಗಿ ಎಳೆದಾಡುವುದನ್ನು ಕೇಳಿ ಕೇಳಿ ನಮಗೂ ಅದೇ ರೂಢಿಯಾಗಿದೆ. ಸಹಪಾಠಿಗಳಾಗಿದ್ದ ಹಿಂದೀ ಗೆಳೆಯರು ಹ್ರಸ್ವ ಎ, ಒ ಗಳಿಗೆ ತಡವರಿಸುತ್ತಿದ್ದರು. ಅವರ ಭಾಷೆಯಲ್ಲಿ ಆ ಭೇದವಿಲ್ಲ. ಜಪಾನಿಯಲ್ಲಿ ಎ ಎಂದರೆ ಚಿತ್ರ, ಏ ಎಂದರೆ ಹೌದು. ಕನ್ನಡಿಗನಿಗೆ ಇದೇನು ಕಷ್ಟ?

ವ್ಯಾಕರಣದ ಮಾತಂತೂ ಇನ್ನೂ ಸ್ವಾರಸ್ಯದ್ದು. ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಹತ್ತುತ್ತದೆ ಎಂಬುದನ್ನು ಪುಟಗಟ್ಟಲೆ ವಿವರಿಸಿದ್ದರು. "ನಿನ್ನೆ ಬಂದ ಮೇಷ್ಟರು" ಎಂಬುದನ್ನು ಪದಕ್ಕೆ ಪದ ಇಟ್ಟರೆ "ಕಿನೋ ಕಿತ ಸೆನ್ಸೇ" ಆಗುತ್ತದೆ; ಇಂಗ್ಲಿಷಿನ ಮೂಲಕ ಹೋದರೆ ತಲೆಕೆಳಗು ಮಾಡಿ ಮತ್ತೆ ನೇರ ಮಾಡಬೇಕು. ಷಿತೆ ಎಂದರೆ ಮಾಡಿ. ಮಿರು ಎಂದರೆ ನೋಡು. ಷಿತೆ ಮಿರು ಎಂದರೆ ಮಾಡಿ ನೋಡು, ಅದೇ ಅರ್ಥದಲ್ಲಿ! ಒಕು ಎಂದರೆ ಇಡು. ಷಿತೆ ಒಕು ಎಂದರೆ ಮಾಡಿಡು. ಅಗೆರು ಎಂದರೆ ಕೊಡು. ಷಿತೆ ಅಗೆರು ಎಂದರೆ ಮಾಡಿಕೊಡು. ಈ ಪಾಠದ ದಿನ ನಾನು ಇಂಗ್ಲಿಷ್ ಟಿಪ್ಪಣಿಯನ್ನು ಮುಚ್ಚಿಟ್ಟು ಅಂಚಿನಲ್ಲಿ ಕನ್ನಡದಲ್ಲಿಯೇ ಬರೆಯತೊಡಗಿದೆ. ಅಷ್ಟರಿಂದ ಎರಡು ಭಾಷೆಗಳೂ ಒಂದೇ ಕುಲದವೆಂದು ಹೇಳಹೊರಡುವುದು ಮಾತ್ರ ಸಾಹಸ. ಸುಸುಮು ಓನೊ ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ಸಂಬಂಧ ಕಲ್ಪಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ಕಲಿಯುವವನಿಗೆ ರಕ್ತಸಂಬಂಧದ ಗೊಡವೆಯೇಕೆ? ನೆರೆಮನೆಯ ನಡೆನುಡಿ ನಮ್ಮ ಮನೆಯಂತಿದ್ದರೆ ಸಾಲದೆ?

ಗೌರವದ ಮಾತಿಗೆ ಬಂದಾಗ ಮಠದ ವಾಸ ಒದಗಿತು. ಜಪಾನಿಯಲ್ಲಿ ನಾವು ಉಣ್ಣುವುದಕ್ಕೆ ಒಂದು ಪದ, ಹಿರಿಯರು ಉಣ್ಣುವುದಕ್ಕೆ ಬೇರೊಂದು, ಹಿರಿಯರೆದುರು ನಾವು ಉಣ್ಣುವುದಕ್ಕೆ ಮತ್ತೊಂದು. ಇದು ಬಹುಮಂದಿ ವಿದ್ಯಾರ್ಥಿಗಳು ಹೆದರುವ ಅಧ್ಯಾಯ. ಶ್ರೀಗಳವರು ಬರುವುದಿಲ್ಲ, ದಯಮಾಡಿಸುತ್ತಾರೆ. ಹೇಳುವುದಿಲ್ಲ, ಅಪ್ಪಣೆ ಕೊಡಿಸುತ್ತಾರೆ. ನಾವು ಹೇಳುವುದು ಅರಿಕೆ ಅಥವಾ ಬಿನ್ನಹ. ಇದನ್ನು ಹತ್ತು ವರ್ಷದ ವಯಸ್ಸಿಗೇ ಬಾಯಿಪಾಠವಿಲ್ಲದೆ ಕಲಿತವನಿಗೆ ಆ ಅಧ್ಯಾಯ ಭಯ ಹುಟ್ಟಿಸಲಿಲ್ಲ.

ಕಷ್ಟಗಳೂ ಇದ್ದವು. ಚೀನಾದಿಂದ ಬಂದ ಕಾಂಜಿ ಲಿಪಿಯ ಮುಂದೆ ಕನ್ನಡ ಯಾವ ಸಹಾಯಕ್ಕೂ ಬಾರದು. ನಿತ್ಯವ್ಯವಹಾರಕ್ಕೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2136 ಚಿಹ್ನೆಗಳಿವೆ. ಬದುಕು ಎಂಬರ್ಥದ ಒಂದೇ ಚಿಹ್ನೆಗೆ ಹತ್ತಕ್ಕೂ ಮಿಕ್ಕ ಉಚ್ಚಾರಣೆಗಳುಂಟು. ಇಲ್ಲಿ ಬರೆದು ತಿದ್ದುವುದೊಂದೇ ಮಾರ್ಗ. ರಜೆಯಲ್ಲಿ ಊರಿಗೆ ಬಂದಾಗ ಅಡಿಕೆ ಸುಲಿಯುವವರ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದೆ. "ಇದೇನು, ರಂಗೋಲಿ ಹಾಕ್ತಾ ಇದ್ದೀರಾ?" ಎಂದು ಕೆಲಸದ ಹೆಂಗಸರು ನಗುತ್ತಿದ್ದರು.

ಭಾಷೆಯನ್ನು ಬಲ್ಲುದು ಬೇರೆ, ಕಲಿಸಬಲ್ಲುದು ಬೇರೆ. ಈ ಭೇದವನ್ನು ಜಪಾನೀಯರು ಹೆಸರಿನಲ್ಲಿಯೇ ಮಾಡಿದ್ದಾರೆ. ತಮ್ಮ ಮಕ್ಕಳಿಗೆ ಕಲಿಸುವ ಜಪಾನಿಗೆ ಕೊಕುಗೊ ಎಂದೂ, ಪರದೇಶೀಯರಿಗೆ ಕಲಿಸುವುದಕ್ಕೆ ನಿಹೊಂಗೊ ಎಂದೂ ಕರೆಯುತ್ತಾರೆ. ಎರಡನೆಯದಕ್ಕೆ ಹುಟ್ಟು ಜಪಾನೀಯನಾದರೂ ತರಬೇತಿ ಬೇಕು. 2024ರ ಏಪ್ರಿಲಿನಿಂದ ಅಲ್ಲಿ ಇದಕ್ಕಾಗಿ ಅಧ್ಯಾಪಕರ ನೋಂದಣಿಯ ಶಾಸನವೇ ಜಾರಿಗೆ ಬಂದಿದೆ. ಅಪ್ಪಯ್ಯನ ಪ್ರಶ್ನೆಗೆ ಇದೇ ಉತ್ತರವೆಂದು ತೋರುತ್ತದೆ. ಉದಾಹರಣೆಗೆ, ಕರ್ತೃವಿಗೆ ಹತ್ತುವ ವ ಮತ್ತು ಗ ಎಂಬ ಎರಡು ಪ್ರತ್ಯಯಗಳ ಅಂತರವನ್ನು ಜಪಾನೀ ಗೃಹಸ್ಥನನ್ನು ಕೇಳಿದರೆ ಆತ ನಕ್ಕು ತಲೆ ಕೆರೆದುಕೊಂಡಾನು. ಕನ್ನಡಿಗನಿಗೆ "ನಾನು ಮಾಡುತ್ತೇನೆ", "ನಾನೇ ಮಾಡುತ್ತೇನೆ" ಎಂಬ ಎರಡು ವಾಕ್ಯಗಳನ್ನು ಇಟ್ಟು ತೋರಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ ಎರಡು ವರ್ಷ ಬೇಕು.

ಎಂ.ಎ. ಮೊದಲ ವರ್ಷದಲ್ಲಿ ಅಪ್ಪಯ್ಯ ತೀರಿಕೊಂಡರು. ಜಪಾನೀ ಪ್ರಾವೀಣ್ಯ ಪರೀಕ್ಷೆಯ ಐದು ಹಂತಗಳಲ್ಲಿ ಕಠಿಣತೆಯಲ್ಲಿ ಎರಡನೆಯದಾದ ಎನ್2 ಹಂತ ಆ ವೇಳೆಗೆ ಮುಗಿದಿತ್ತು. ಅಷ್ಟಕ್ಕೇ ಬೆಂಗಳೂರಿನ ಕಂಪನಿಯೊಂದು ದುಭಾಷಿಯ ಕೆಲಸ ಕೊಡಲು ಸಿದ್ಧವಿತ್ತು. ಅವರು ಹೇಳಿದ ಸಂಬಳ ನಮ್ಮ ತೋಟದ ಒಳ್ಳೆಯ ಕಾಲದ ಉತ್ಪತ್ತಿಗಿಂತ ಹೆಚ್ಚು. ತಂಗಿಯ ಕಾಲೇಜು, ಸಹಕಾರ ಸಂಘದ ಸಾಲ ಎರಡೂ ಎದುರಿಗಿದ್ದವು. ಅಧ್ಯಾಪಕ ವೃತ್ತಿಯಲ್ಲಿ ಖಾಯಂ ಹುದ್ದೆಗಳು ಬೆರಳೆಣಿಕೆಯವು, ಉಳಿದುದೆಲ್ಲ ಗಂಟೆಯ ಲೆಕ್ಕದ ದುಡಿಮೆ ಎಂಬುದೂ ಗೊತ್ತಿತ್ತು. ವೈಕುಂಠ ಸಮಾರಾಧನೆಯಂಥ ದೊಡ್ಡ ಮಾತುಗಳಿಲ್ಲದ ಮನೆ ನಮ್ಮದು, ಶಿವಗಣಾರಾಧನೆ ಮುಗಿದ ಸಂಜೆ ಅಮ್ಮ ಇಷ್ಟೇ ಹೇಳಿದರು: "ಹಿಡಿದದ್ದು ಮುಗಿಸಿ ಬಾ. ಒಂದು ವರ್ಷದಲ್ಲಿ ತೋಟ ಚೇತರಿಸಿಕೊಳ್ಳೋದೂ ಇಲ್ಲ, ಮುಳುಗೋದೂ ಇಲ್ಲ." ಹಿಂದಿರುಗಿದೆ. ರಾತ್ರಿಯ ಹೊತ್ತು ಯಂತ್ರಗಳ ಕೈಪಿಡಿಗಳನ್ನು ಅನುವಾದಿಸಿ ಮನೆಗೆ ಹಣ ಕಳುಹಿಸುತ್ತ ಪದವಿ ಮುಗಿಸಿದೆ. ಆ ಕೆಲಸವನ್ನು ಬಿಟ್ಟುದು ಲಾಭವೋ ನಷ್ಟವೋ ಎಂಬ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ; ಸಾಲ ಮಾತ್ರ ತೀರಿದೆ.

ಆ ದಿನಗಳಲ್ಲಿಯೇ ಯೊಷಿತ್ಸುಗು ಸವಾಯ್ ಎಂಬ ಜಪಾನೀ ವಿದ್ವಾಂಸರು ಶೃಂಗೇರಿಯ ಶಾಂಕರ ಪರಂಪರೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು 1992ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ತಿಳಿಯಿತು. ನಮ್ಮ ತುಂಗೆಯ ದಡವನ್ನು ಅರಿಯಲು ಅವರು ಅಷ್ಟು ದೂರ ನಡೆದುಬಂದಿದ್ದರೆ, ನಾನು ಎರಡು ವರ್ಷ ಹೆಚ್ಚಿಗೆ ಓದುವುದೇನು ದೊಡ್ಡದು ಎಂದುಕೊಂಡೆ.

ಈಗ ಬೆಂಗಳೂರಿನಲ್ಲಿ ಕಲಿಸುತ್ತಿದ್ದೇನೆ. ನುರಿತ ಕೆಲಸಗಾರರನ್ನು ಜಪಾನಿಗೆ ಕಳುಹಿಸುವ ಬಗ್ಗೆ 2021ರ ಜನವರಿಯಲ್ಲಿ ಎರಡು ದೇಶಗಳ ನಡುವೆ ಒಡಂಬಡಿಕೆಯಾದ ಮೇಲೆ ಬರುವ ವಿದ್ಯಾರ್ಥಿಗಳ ಬಗೆಯೇ ಬದಲಾಗಿದೆ. ಮೊದಲು ಕಂಪ್ಯೂಟರ್ ಇಂಜಿನಿಯರುಗಳೇ ಹೆಚ್ಚು. ಈಗ ವೃದ್ಧರ ಶುಶ್ರೂಷೆಗೆಂದು ಹೊರಟ ನರ್ಸಿಂಗ್ ಓದಿದ ಹುಡುಗಿಯರು, ಐ.ಟಿ.ಐ. ಮುಗಿಸಿದ ಹುಡುಗರು ಬರುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಕಟ್ಟಿದ ಹಣವೂ, ಕಳೆದ ವರ್ಷವೂ ಹೋದಂತೆಯೇ. ಅವರಲ್ಲಿ ಅನೇಕರು ನನ್ನಂತೆ ಕನ್ನಡ ಮಾಧ್ಯಮದವರು. ಇಂಗ್ಲಿಷ್ ಟಿಪ್ಪಣಿಯ ಎದುರು ತಲೆತಗ್ಗಿಸಿ ಕೂರುವವರು. ಅವರಿಗೆ ಮೊದಲ ದಿನ ಮಾತ್ರೆ ಎಣಿಸುವುದನ್ನು ಕಲಿಸುತ್ತೇನೆ. ಮೂರನೆಯ ತಿಂಗಳಿಗೆ ಮಾಡಿ ನೋಡು, ಮಾಡಿಡು, ಮಾಡಿಕೊಡು. ಕೈಬರಹದ ಟಿಪ್ಪಣಿಗಳು ಈಗ ಮೂರು ನೋಟುಪುಸ್ತಕಗಳಷ್ಟಾಗಿವೆ. ನಮ್ಮ ಮಕ್ಕಳಲ್ಲಿ ಯಾರಿಗಾದರೂ ಈ ಪದವಿಯ ಕಡೆಗೆ ಒಲವಿದ್ದರೆ ದೆಹಲಿಯಲ್ಲದೆ ಶಾಂತಿನಿಕೇತನದ ವಿಶ್ವಭಾರತಿ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ, ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠಗಳಲ್ಲಿಯೂ ವಿಚಾರಿಸಬಹುದು.

ನೋಟುಪುಸ್ತಕದಲ್ಲಿ ಒಂದು ಪುಟ ಬಹುಕಾಲ ಖಾಲಿಯಿತ್ತು. "ಅಮೆ ನಿ ಫುರರೆತ" ಎಂದು ಜಪಾನಿಯಲ್ಲೊಂದು ಕರ್ಮಣಿ ಪ್ರಯೋಗವಿದೆ. ಪದಶಃ ಹೇಳಿದರೆ "ಮಳೆಯಿಂದ ಸುರಿಯಲ್ಪಟ್ಟೆ". ಮಳೆ ಸುರಿಯಿತೆಂದಲ್ಲ; ಅದು ಸುರಿದದ್ದರಿಂದ ನನಗೆ ತೊಂದರೆಯಾಯಿತು ಎಂಬ ಅಳಲು ಅದರಲ್ಲಿದೆ. ತಂದೆಯ ಸಾವನ್ನೂ ಇದೇ ರೂಪದಲ್ಲಿ ಹೇಳುತ್ತಾರೆ. ಇದಕ್ಕೆ ಸರಿಸಮನಾದ ಕನ್ನಡ ರೂಪ ಇಲ್ಲವೆಂದೇ ನಾನು ಪ್ರತಿವರ್ಷ ಹೇಳಿ ಮುಂದೆ ಸಾಗುತ್ತಿದ್ದೆ. ಹೋದ ಮಳೆಗಾಲದಲ್ಲಿ ಕೊಪ್ಪದ ಕಡೆಯ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು, "ಸರ್, ಮಳೆಗೆ ಸಿಕ್ಕಿದೆ ಅಂತೀವಲ್ಲ ನಾವು, ಅದೇ ಅಲ್ವಾ?" ಎಂದಳು. ಅವರ ನಿ ಎಂಬ ಪ್ರತ್ಯಯ, ನಮ್ಮ ಗೆ ಎಂಬ ಪ್ರತ್ಯಯ. ಎರಡೂ ಒಂದೇ ಜಾಗದಲ್ಲಿ ಕುಳಿತಿದ್ದವು. ಆ ಪುಟದಲ್ಲಿ ಅವಳ ಕೈಯಿಂದಲೇ ಅದನ್ನು ಬರೆಯಿಸಿದೆ.